ಬೀಗರ ಮೀನಿಗೆ ಸೀ ನೀರು

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಹಿಂದಿನ ಕತೆ ಆಮೇಲೆ. ನಮ್ಮ ಮನೆಯಲ್ಲಿ ಮಕ್ಕಳು ಹುಟ್ಟಿವೆ. ಹದಿಮೂರೋ ಹದಿನಾಲ್ಕೋ ಇರಬೇಕು. ಎಣಿಸಲು ಕೂತರೆ ಒಂದೂ ನಿಂತಲ್ಲಿ ನಿಲ್ಲುವುದಿಲ್ಲ. ತಾಯಿ ನನ್ನ ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಹೆರಿಗೆ ಬಸವನಹುಳುವಿನ ಖಾಲಿ ಚಿಪ್ಪಿನೊಳಗೆ ಸುಖವಾಗಿ ಆಯಿತು. ಮೊನ್ನೆ ಮುಂಜಾನೆ ಇದನ್ನು ಸೊಲ್ಲಾಪುರ ರಸ್ತೆಯ ನಮ್ಮ ಹಿಟ್ಟಿನ ಗಿರಣಿಯಲ್ಲಿ ಸಾರಿದಾಗ, ತಿಕೋಟಾದಿಂದ ಜೋಳ ಬೀಸಿಸಲು ಬಂದಿದ್ದ ಮುದುಕನೊಬ್ಬ, "ಭಾಳ ಚಲೋ ಆತು ನೋಡೋ ಯಪ್ಪಾ. ಗಂಡೋ ಹೆಣ್ಣೋ?" ಎಂದ. "ಇನ್ನೂ ಗೊತ್ತಾಗಿಲ್ಲ, ಮೀನಿಗೆ ಹುಟ್ಟ್ಯಾವ" ಎಂದೆ. ಅವನು ಹಿಟ್ಟಿನ ಚೀಲ ಹೊತ್ತು ತಿರುಗಿಯೂ ನೋಡದೆ ಹೋದ. ಇನ್ನೊಬ್ಬರ ಸುಖ ಕಂಡರೆ ಜನಕ್ಕೆ ಹೀಗೆಯೇ ಆಗುತ್ತದೆ.

ನಾನು ತಿಕೋಟಾದ ಸಾಲಿಯಲ್ಲಿ ಮೂರು ವರ್ಷ ಕಲಿತವನು, ಅದರಲ್ಲೂ ಒಂದು ವರ್ಷ ಮಾಸ್ತರರ ಎಮ್ಮೆ ಮೇಯಿಸಿದೆ. ಆದ್ದರಿಂದ ಮೀನಿನ ಶಾಸ್ತ್ರ ನನ್ನಿಂದ ಕೇಳಬೇಡಿ. ನನ್ನ ಸೊಸೆ ಗೌರವ್ವನ ಅಣ್ಣ ಶಿವಪ್ಪ ಮುಂಬಯಿಯಿಂದ ಆಫ್ರಿಕಾಕ್ಕೆ ಹೋಗುವ ಹಡಗಿನಲ್ಲಿ ಅಡಿಗೆಯವನು. ಶ್ರಾವಣದಲ್ಲಿ ತಂಗಿಯ ಮನೆಗೆ ಬಂದಾಗ, ತಂಗಿಯ ಮಗಳು, ಅಂದರೆ ನನ್ನ ಒಂಬತ್ತು ವರ್ಷದ ಮೊಮ್ಮಗಳು ಶಾರಿಗೆಂದು ಚಹದ ಫ್ಲಾಸ್ಕಿನಲ್ಲಿ ಐದು ಮೀನು, ಕರವಸ್ತ್ರದಲ್ಲಿ ಕಟ್ಟಿದ ಒಂದು ಮುಷ್ಟಿ ಖಾಲಿ ಚಿಪ್ಪು ತಂದ. ಬೇರೆಯವರ ಬೀಗರು ಕುಪ್ಪಸದ ಬಟ್ಟೆ ತರುತ್ತಾರೆ. ಸ್ಟೇಷನ್ ರಸ್ತೆಯಲ್ಲಿ ಫೋಟೋಕ್ಕೆ ಚೌಕಟ್ಟು ಹಾಕುವವನಿಂದ ಗಾಜಿನ ಪೆಟ್ಟಿಗೆ ಮಾಡಿಸಿದೆವು. ಅವನು ಜೀವಮಾನವಿಡೀ ತೀರಿಕೊಂಡವರಿಗೆ ಚೌಕಟ್ಟು ಹಾಕಿದವನು. ಪೆಟ್ಟಿಗೆ ಕೊಡುವಾಗಲೂ ಮುಖ ಹಾಗೇ ಮಾಡಿಕೊಂಡು ಕೊಟ್ಟ.

ಹೊರಡುವ ಮುಂಚೆ ಶಿವಪ್ಪ, "ಮಾವಾರ, ಇವಕ್ಕ ಏನೂ ತ್ರಾಸ ತಗೋಬ್ಯಾಡ್ರಿ. ನಿಮ್ಮ ಬಾವಿ ಸವಳ ನೀರ ಸಾಕು" ಎಂದ. ಇಲ್ಲಿಯೇ ನೋಡಿ ನನ್ನ ಬುದ್ಧಿವಂತಿಕೆ ಕೆಲಸ ಮಾಡಿದ್ದು. ಬೀಗರಾದವರು ಊಟಕ್ಕೆ ಕೂತಾಗ ತುಪ್ಪ ಬೇಡ ಎನ್ನುತ್ತಾರೆ, ಬಡಿಸುತ್ತೇವೆ. ಸಾಕು ಎನ್ನುತ್ತಾರೆ, ಮತ್ತೊಂದು ಹಾಕುತ್ತೇವೆ. ಅವರ ಬಾಯಿಮಾತನ್ನು ನಿಜವೆಂದು ತಿಳಿದು ಸುಮ್ಮನೆ ಕೂತವನನ್ನು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಬಾವಿ ನೀರು ಸಾಕು ಎಂದರೆ ಸೀ ನೀರು, ಅಂದರೆ ಕುಡಿಯುವ ಸಿಹಿ ನೀರು, ಕೊಡಿ ಎಂದೇ ಅರ್ಥ ಅಂತ ನಾನು ತಿಳಿದೆ. ನಮ್ಮ ಹಿತ್ತಲ ಬಾವಿಯ ನೀರಿನ ಗುಣ ನಿಮಗೆ ಗೊತ್ತಿಲ್ಲ. ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯ ಬಂತು, ಆ ನೀರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ, ಅಂದಿನಷ್ಟೇ ಸವಳು. ಸಾಬೂನು ಹಚ್ಚಿದರೆ ನೊರೆ ಬರುವುದಿಲ್ಲ, ಬೇಳೆ ಹಾಕಿದರೆ ಬೇಯುವುದಿಲ್ಲ.

ಸೀ ನೀರು ಬೇಕೆಂದರೆ ಓಣಿಯ ನಳ. ಗೌರವ್ವ ಮುಂಜಾನೆ ಪಾಳಿ ಹಚ್ಚಿ ಎರಡು ಕೊಡ ತರುತ್ತಾಳೆ. ಒಂದು ಕುಡಿಯಲು, ಒಂದು ಬೇಳೆಗೆ. ಬೇಳೆಯ ಕೊಡ ಇನ್ನು ಮೀನಿಗೆ ಎಂದು ನಾನು ಹುಕುಂ ಮಾಡಿದೆ. ಅಂದಿನಿಂದ ನಮ್ಮ ತಾಟಿನಲ್ಲಿ ಬೇಳೆ ಗೋಲಿಗುಂಡಿನಂತೆ ಉರುಳತೊಡಗಿತು. ನನಗಿರುವುದು ನಾಲ್ಕು ಹಲ್ಲು, ಆದರೂ ಮರ್ಯಾದೆಗಾಗಿ ನುಂಗಿದೆ.

ಮೀನುಗಳಿಗೆ ನನ್ನ ಮರ್ಯಾದೆ ಹಿಡಿಸಲಿಲ್ಲ. ಬಣ್ಣಗೆಟ್ಟು ಚಿಪ್ಪಿನೊಳಗೆ ಸೇರಿಕೊಂಡವು, ಮುಖ ತೋರಿಸಲಿಲ್ಲ. ನೋಡಲು ಬಂದ ನೆರೆಯವರು, "ಕಾಕಾರ, ಮಳ್ಳ ಮಾಡ್ತೀರೇನ್ರಿ? ನೀರು, ಉಸುಕು ತೋರಿಸಿ ಮೀನಾ ಅಂತೀರಿ" ಎಂದರು. ಮನೆ ಇಕ್ಕಟ್ಟಾಯಿತೇನೋ ಎಂದು ಪಗಡೆಯ ಕವಡೆ ನಾಲ್ಕು ಒಳಗೆ ಬಿಟ್ಟೆ. ಅಂಗುಲದ ಗಂಡು ಮೀನು ಹೊರಬಂದು ಕವಡೆಯನ್ನು ಮೂಲೆಗೆ ತಳ್ಳಿ, ನನ್ನ ಬೆರಳನ್ನು ಕಚ್ಚಿ, ಮತ್ತೆ ಒಳಗೆ ಹೋಯಿತು. ಬೀಗರ ಕಡೆಯದು ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಭಾದ್ರಪದದಲ್ಲಿ ಒಂದು ಸತ್ತಿತು. ಶಾರಿ ಎರಡು ಹೊತ್ತು ಉಣ್ಣಲಿಲ್ಲ. ಅವಳು ಬರೆದ ಸುದ್ದಿಗೆ ಶಿವಪ್ಪನಿಂದ ಕಾಗದ ಬಂತು: ದೀಪಾವಳಿಗೆ ಬರುತ್ತೇನೆ, ಉಳಿದವೂ ಹೀಗೇ ಇದ್ದರೆ ಮುಂಬಯಿಯ ಗೆಳೆಯನಿಗೆ ಒಯ್ದು ಕೊಡುತ್ತೇನೆ, ಸಾಯಿಸುವುದು ಬೇಡ. ಓದಿ ಮುಗಿಸಿ ಶಾರಿ ನನ್ನ ಮುಖ ನೋಡಿದಳು. "ಅಜ್ಜಾ, ನೀ ಒಯ್ಯಾಕ ಬಿಡಬ್ಯಾಡ" ಎಂದಳು. ಗಿರಣಿಯ ಪಟ್ಟಾ ಹರಿದಾಗಲೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಎರಡು ದಿನಕ್ಕೊಮ್ಮೆ ಬದಲಿಸುತ್ತಿದ್ದ ನೀರನ್ನು ದಿನಾ ಬದಲಿಸತೊಡಗಿದೆ. ಕೊಡ ತುಂಬಿಡುವುದಷ್ಟೇ ಗೌರವ್ವನ ಕೆಲಸ, ಸುರಿಯುವುದು ನನ್ನದು. ಅದನ್ನು ಬಾಯಿಗೆ ಹಾಕಿ ನೋಡಲಿಲ್ಲ. ಬೀಗರಿಗೆ ಕೊಡುವ ನೀರನ್ನು ಯಾರಾದರೂ ಎಂಜಲು ಮಾಡುತ್ತಾರೆಯೇ?

ಹದಿನೈದು ದಿನದಲ್ಲಿ ಮೀನುಗಳು ಹೊರಗೆ ಬಂದವು. ಉಸುಕು ಬಾಯಲ್ಲಿ ತುಂಬಿ ತುಂಬಿ ಉಗುಳಿ ಅಂಗಳ ಮಾಡಿಕೊಂಡವು. ನೆರೆಯವರನ್ನೆಲ್ಲ ಕರೆದು, "ಸೀ ನೀರಿನ ಗುಣ ನೋಡ್ರಿ" ಎಂದು ಉಪದೇಶ ಮಾಡಿದೆ. ಅದೇ ದಿನಗಳಲ್ಲಿ ತಾಟಿನ ಬೇಳೆಯೂ ಬೆಣ್ಣೆಯಂತಾಯಿತು. ಕೇಳಿದರೆ ನನ್ನ ಹೆಂಡತಿ, "ನಮ್ಮ ತವರಿನ ತೊಗರಿ ಅದು, ಬಬಲೇಶ್ವರದ್ದು" ಎಂದಳು. ನಲವತ್ತು ವರ್ಷ ಬಬಲೇಶ್ವರವನ್ನು ಬೈದವನು ಅಂದು ಹೊಗಳಿ ಎರಡು ಸಲ ಹಾಕಿಸಿಕೊಂಡೆ.

ಮೊನ್ನೆ ಮುಂಜಾನೆ ಶಾರಿಯೇ ಮೊದಲು ಕಂಡಳು: ಚಿಪ್ಪಿನ ಬಾಯಲ್ಲಿ ಜೀರಿಗೆಯಂಥ ಮರಿಗಳು. ಮಧ್ಯಾಹ್ನ ಶಿವಪ್ಪ ಖಾಲಿ ಫ್ಲಾಸ್ಕ್ ಹಿಡಿದು ಬಂದ. ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಷ್ಟೋ ಹೊತ್ತು ನೋಡಿ, "ಒಯ್ಯಂಗಿಲ್ಲ ಬೇ, ನಿನ್ನವ ಇವು" ಎಂದು ಫ್ಲಾಸ್ಕನ್ನೇ ಶಾರಿಯ ಕೈಗೆ ಕೊಟ್ಟ. ಸಂಜೆಗೆ ಹೋಳಿಗೆ ಆಯಿತು. ಎಲ್ಲರೂ ಒಟ್ಟಿಗೆ ಕೂಡಬೇಕೆಂದು ನಾನು ಹಟ ಹಿಡಿದೆ. ಭಾಷಣಕ್ಕೆ ಜನ ಬೇಕಲ್ಲ.

"ಸೀ ನೀರು ಶಿವಪ್ಪಾ," ಎಂದು ಶುರು ಮಾಡಿದೆ. "ದಿನಾ ಒಂದು ಕೊಡ. ನೀ ಸಂಕೋಚಕ್ಕ ಅಂದಿದ್ದು ನನಗ ತಿಳೀಲಿಲ್ಲ ಅಂದ್ಕೊಂಡೇನು?"

ಶಿವಪ್ಪನ ಕೈ ತಾಟಿನಲ್ಲೇ ನಿಂತಿತು. "ಸಂಕೋಚ ಅಲ್ರಿ ಮಾವಾರ. ಅವುಗಳ ಊರಿನ ಕೆರಿ ನೀರ ಗಡಸು, ನಿಮ್ಮ ಬಾವಿ ನೀರಿನಂಗ. ಸೀ ನೀರಾಗ ಅವು ಬಾಳೂದಿಲ್ಲ. ಮರಿ ಹ್ಯಾಂಗ ಹಾಕಿದ್ವು?"

ಗೌರವ್ವ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. "ತಪ್ಪಾತ್ರಿ ಮಾವಾರ. ಕಾಗದ ಬಂದಾಗಿಂದ ನಾ ಬಾವಿ ನೀರ ತುಂಬಿ ಇಡಾಕತ್ತೇನಿ."

"ಮತ್ತ ಸೀ ನೀರು?"

"ಸೀ ನೀರು ದಿನಾ ನಿಮ್ಮ ಹೊಟ್ಟಿಗೇ ಹೊಂಟೈತ್ರಿ," ಎಂದಳು ನನ್ನ ಹೆಂಡತಿ, ತುಪ್ಪ ಬಡಿಸುತ್ತಾ. "ಬಬಲೇಶ್ವರದ ತೊಗರಿ ಅಂತ ಹೊಗಳಿದ್ರಲ್ಲ, ಅದ."

ನನ್ನ ಮಗ ಮೋರೆ ಗೋಡೆಗೆ ತಿರುಗಿಸಿಕೊಂಡ; ಭುಜ ಮಾತ್ರ ಕುಣಿಯುತ್ತಿತ್ತು. ಶಾರಿ ಮುಚ್ಚುಮರೆಯಿಲ್ಲದೆ ನಕ್ಕಳು. ಮೂರು ವರ್ಷದ ಸಾಲಿಯಲ್ಲಿ ಕಲಿಯದ್ದನ್ನು ನಾನು ಆ ಪಂಕ್ತಿಯಲ್ಲಿ ಕಲಿತೆ: ಬೀಗರು ಏನು ಹೇಳುತ್ತಾರೋ ಅದನ್ನೇ ನಂಬಬೇಕು. ಹೋಳಿಗೆಯ ಮೇಲೆ ಶಿವಪ್ಪನಿಗೆ ನೀರಡಿಕೆ ಆಯಿತು. ಯಾವ ನೀರು ಕೊಡಲಿ ಎಂದು ಕೇಳಿದೆ. "ತ್ರಾಸ ತಗೋಬ್ಯಾಡ್ರಿ, ಯಾವುದಾದ್ರೂ ನಡೀತೈತಿ. ಬಾವಿ ನೀರ ಸಾಕು" ಎಂದ.

ನಾನೇ ಎದ್ದು ಹೋಗಿ, ಬಾವಿಯಿಂದ ಸೇದಿ, ತಂಬಿಗೆ ತುಂಬಿ ತಂದುಕೊಟ್ಟೆ. ಒಂದು ಗುಟುಕು ಕುಡಿದ ಶಿವಪ್ಪನ ಮುಖ, ಶ್ರಾವಣದಲ್ಲಿ ಸೀ ನೀರು ಕುಡಿದ ಮೀನಿನ ಮುಖದಂತೆಯೇ ಆಯಿತು. ಪಾಪ, ಬೀಗನಲ್ಲವೇ, ತಂಬಿಗೆ ಪೂರ್ತಿ ಕುಡಿದ. ನಾವೆಲ್ಲ ಸೀ ನೀರು ಕುಡಿಯುತ್ತಾ ಇನ್ನೊಂದೊಂದು ಹೋಳಿಗೆ ಹಾಕಿಸಿಕೊಂಡೆವು.