ಅಕ್ಕನ ಶಾವಿಗೆ, ಟ್ಯಾಂಕಿನ ನೆರಳು

ಆ ಭಾನುವಾರ ಮಧ್ಯಾಹ್ನ ನಾನು ನಿದ್ದೆ ಮಾಡಿದೆನೋ ಇಲ್ಲವೋ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ನನ್ನ ಹೆಂಡತಿ ನಾಗವೇಣಿಗೆ ಗೊತ್ತು, ನನ್ನ ಅಕ್ಕನಿಗೆ ಗೊತ್ತು, ಪಕ್ಕದ ಮನೆಯ ಕೊಟ್ರಪ್ಪನಿಗಂತೂ ಕಣ್ಣಾರೆ ಕಂಡಷ್ಟು ಗೊತ್ತು. ಗೊತ್ತಿಲ್ಲದವನು ನಾನೊಬ್ಬನೇ, ಆಪಾದನೆ ಇರುವುದೂ ನನ್ನೊಬ್ಬನ ಮೇಲೇ. ನಿದ್ದೆ ಎಂಬುದರ ತೊಡಕೇ ಇದು. ಅದನ್ನು ಮಾಡುವವನು ಅದಕ್ಕೆ ಸಾಕ್ಷಿಯಾಗಲು ಬರುವುದಿಲ್ಲ. ನಾನು ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಯಾರು ಏನೇ ಹೇಳಿದರೂ "ನೀವೇ ನೋಡಿದಿರೋ, ಯಾರಾದರೂ ಹೇಳಿದ್ದೋ?" ಎಂದು ಕೇಳುವುದು ವಿಶ್ವವಿದ್ಯಾಲಯದ ದಿನಗಳಿಂದ ಅಂಟಿಕೊಂಡ ಚಟ. ಸ್ಟಾಫ್ ರೂಮಿನಲ್ಲಿ ಈ ಚಟದಿಂದಾಗಿ ನನಗೆ ಚಹಾ ಸಿಗುವುದೂ ತಡವಾಗಿಯೇ. ಅಂಥವನನ್ನೇ ನನ್ನ ಸ್ವಂತ ಮಾಳಿಗೆಯ ಮೇಲೆ, ನನ್ನದೇ ಎಚ್ಚರದ ವಿಷಯದಲ್ಲಿ, ಪುರಾವೆ ಇಲ್ಲದವನನ್ನಾಗಿ ಮಾಡಿ ಕೂರಿಸಿದರು.

ಮೊದಲಿನಿಂದ ಹೇಳುತ್ತೇನೆ. ಆ ಬೇಸಿಗೆಯಲ್ಲಿ ನಮಗೆ ಸಾಲಾಗಿ ಮೂರು ದಿನ ರಜೆ ಸಿಕ್ಕಿತ್ತು: ಎರಡನೇ ಶನಿವಾರ, ಭಾನುವಾರ, ಅದಕ್ಕೆ ಅಂಟಿಕೊಂಡು ಬಂದ ಸೋಮವಾರದ ಸರ್ಕಾರಿ ರಜೆ. ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ಹೋಗಿ ಬರುವ ನನ್ನಂಥವನಿಗೆ ಮೂರು ದಿನ ಬಸ್ಸಿನ ಮುಖ ನೋಡದೆ ಇರುವುದೇ ಒಂದು ಪ್ರವಾಸ. ನಾನು ಹಾಕಿಕೊಂಡ ಯೋಜನೆಯೂ ದೊಡ್ಡದಲ್ಲ. ಮೊದಲ ದಿನ ಹಾಲಿನಲ್ಲಿ ಫ್ಯಾನಿನ ಕೆಳಗೆ ಮಂಚ ಎಳೆದುಕೊಂಡು ಮಲಗುವುದು. ಎರಡನೇ ದಿನ ಸಂಜೆ ಹೊಳೆದಂಡೆಯ ಊರು ಹಲವಾಗಲಿಗೆ ಹೋಗಿ, ಹೊಳೆಯಲ್ಲಿ ನೀರಿದ್ದರೆ ಕಾಲು ಇಳಿಬಿಟ್ಟು, ಇಲ್ಲದಿದ್ದರೆ ಮರಳಿನ ಮೇಲೆಯೇ ಕೂತು, ಮಂಡಕ್ಕಿ ಮೆಣಸಿನಕಾಯಿ ತಿಂದು ಬರುವುದು. ಮೂರನೇ ದಿನ, ಹೊಳೆಗೆ ಹೋಗಿ ಬಂದ ದಣಿವಿಗಾಗಿ ಮತ್ತೆ ಮಲಗುವುದು. ಇದರಲ್ಲಿ ಯಾರಿಗಾದರೂ ತೊಂದರೆ ಇತ್ತೇ? ನಾಗವೇಣಿ ಕೂಡ ಹೊಳೆಯ ಮಾತಿಗೆ ನಕ್ಕಿದ್ದಳು. ನಕ್ಕಿದ್ದಳೆಂದೇ ನನ್ನ ನೆನಪು. ಅವಳು ಈಗ, "ನಾನ್ಯಾಕ ನಗಲಿ, ನೀವು ಹೋಗೋದಿಲ್ಲ ಅಂತ ಅವಾಗ್ಲೇ ಗೊತ್ತಿತ್ತು" ಎನ್ನುತ್ತಾಳೆ.

ಗುರುವಾರವೋ ಶುಕ್ರವಾರವೋ ಚಿಗಟೇರಿಯಿಂದ ಅಕ್ಕ ಫೋನ್ ಮಾಡಿದಳು. ನಾನು ಪೇಪರ್ ಓದುತ್ತಿದ್ದೆ. ಅಕ್ಕ ಫೋನಿನಲ್ಲಿ ಮಾತಾಡುವಾಗ ನಡುನಡುವೆ "ಹ್ಞೂಂ" ಎನ್ನದಿದ್ದರೆ "ಅದೀಯೇನಲೇ ಅಲ್ಲಿ?" ಎಂದು ಗದರುತ್ತಾಳೆ, ಹಾಗಾಗಿ ಪೇಪರಿನ ಸಾಲು ಸಾಲಿಗೊಂದು ಹ್ಞೂಂ ಹಾಕುವುದು ನನಗೆ ಅಭ್ಯಾಸವಾಗಿದೆ. ಆ ಹ್ಞೂಂಗಳಲ್ಲಿ ಯಾವುದೋ ಒಂದು, ಅವಳ ಲೆಕ್ಕದ ಪ್ರಕಾರ, "ಶನಿವಾರ ನಿಮ್ಮ ಮನಿಗೆ ಬಂದು ಶಾವಿಗಿ ಮಾಡ್ಕೊಂಡು ಹೋಗ್ಲೇನು?" ಎಂಬುದಕ್ಕೆ ಕೊಟ್ಟ ಒಪ್ಪಿಗೆ. ಶನಿವಾರ ಬೆಳಗ್ಗೆ ನಾನು ಮಂಚ ಎಳೆಯುವ ಹೊತ್ತಿಗೆ ಅಕ್ಕ, ಅವಳ ಮಗಳು ರೇಖಾ, ಹಿಟ್ಟು ತುಂಬಿದ ಎರಡು ದೊಡ್ಡ ಡಬ್ಬಿಗಳು ಬಾಗಿಲಲ್ಲಿ ಇಳಿದವು.

ವಿಷಯ ಸಣ್ಣದಲ್ಲವೆಂದು ಆಮೇಲೆ ತಿಳಿಯಿತು. ರೇಖಾಳ ಮದುವೆಯಾದ ಮೇಲೆ ಬಂದ ಮೊದಲ ಬೇಸಿಗೆ ಅದು. ಮೊದಲ ಬೇಸಿಗೆಯಲ್ಲಿ ತವರುಮನೆಯಿಂದ ಶಾವಿಗೆ ಹೋಗಬೇಕು. ಹೂವಿನಹಡಗಲಿಯ ಬೀಗರು ಸೋಮವಾರ ನಮ್ಮ ಮನೆಗೇ ಬಂದು ಸೊಸೆಯನ್ನು ಕರೆದುಕೊಂಡು ಹೋಗುವವರಿದ್ದರು. ಆ ಬೀಗತಿಗೆ ಒಂದು ಪದ್ಧತಿ ಇದೆಯಂತೆ. ಕಟ್ಟಿನಿಂದ ಶಾವಿಗೆಯ ಒಂದು ಎಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎತ್ತುತ್ತಾಳೆ. ಎಳೆ ಉದ್ದಕ್ಕೆ ಬಂದರೆ ಸರಿ, ನಡುವೆ ಮುರಿದರೆ ಏನೂ ಅನ್ನುವುದಿಲ್ಲ. ಏನೂ ಅನ್ನದೆ ಬಿಟ್ಟಿದ್ದನ್ನು ಊರೆಲ್ಲ ಅನ್ನುತ್ತದೆ. ಹಿರಿಯ ಸೊಸೆಯ ತವರಿನಿಂದ ಬಂದ ಶಾವಿಗೆ ಮುರಿದಿತ್ತೆಂದು ಇವತ್ತಿಗೂ ಆ ಸೊಸೆಗೆ ಅಡುಗೆಮನೆಯಲ್ಲಿ ಮಾತು ಕೇಳುವುದು ತಪ್ಪಿಲ್ಲವಂತೆ. "ನನ್ನ ಮಗಳು ವರ್ಷಾನುಗಟ್ಲೆ ಅದೇ ಮಾತು ಕೇಳ್ಬೇಕೇನಲೇ?" ಎಂದು ಅಕ್ಕ ಕೇಳಿದಳು. ನಾನು ಒಣ ಹಿಟ್ಟಿನ ಎಳೆಯಿಂದ ಮನುಷ್ಯರನ್ನು ಅಳೆಯುವುದು ಎಷ್ಟು ಅವೈಜ್ಞಾನಿಕ ಎಂದು ವಿವರಿಸಲು ಬಾಯಿ ತೆರೆದೆ. ರೇಖಾ ನನ್ನ ಕೈ ಹಿಡಿದು, "ಮಾಮಾ, ನೀವು ಹೇಳೋದು ಖರೇ ಐತಿ. ಆದ್ರ ಅಲ್ಲಿ ಇರಾಕಿ ನಾನು" ಎಂದಳು. ತೆರೆದ ಬಾಯಲ್ಲೇ ಹಿಟ್ಟಿನ ಡಬ್ಬಿ ಎತ್ತಿಕೊಂಡೆ.

ಚಿಗಟೇರಿಯ ಶಾವಿಗೆ ಯಂತ್ರದ ಮೋಟಾರು ಸುಟ್ಟಿತ್ತು. ಅದಕ್ಕೇ ಕೊಟ್ಟೂರಿಗೆ ಬಂದದ್ದು. ಹಾಗಾಗಿ ಶನಿವಾರ ಇಡೀ ದಿನ ನಾನು ಹಿಟ್ಟಿನ ಡಬ್ಬಿಯ ಜೊತೆ ಯಂತ್ರದ ಅಂಗಡಿಯ ಮುಂದೆ ಸರದಿಯಲ್ಲಿ ನಿಂತೆ. ಹೊಳೆಯ ದಂಡೆಗೆ ಬದಲಾಗಿ ನಾನು ಮಾಡಿದ ವಿಹಾರ ಅದೊಂದೇ. ನಿಂತು ನಿಂತು ಬೇಸರವಾಗಿ ಅಕ್ಕನಿಗೆ ಹಳೆಯ ನೆನಪೊಂದನ್ನು ಹೇಳಿದೆ: ನಾವು ಚಿಕ್ಕವರಿದ್ದಾಗ ಮನೆಯಲ್ಲೇ ಮರದ ಶಾವಿಗೆ ಮಣೆ ಇತ್ತು, ಅವ್ವ ಹಿಟ್ಟು ಒತ್ತುವಾಗ ಮಣೆ ಏಳದಂತೆ ನಾನು ಅದರ ತುದಿಯಲ್ಲಿ ಭಾರಕ್ಕೆ ಕೂರುತ್ತಿದ್ದೆ, ಆ ಎಣ್ಣೆಯ ಜಿಡ್ಡು ಈಗಲೂ ತೊಡೆಗೆ ಅಂಟಿದಂತಿದೆ. ಅಕ್ಕ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಲೇ ಬಸ್ಯಾ, ಮಣಿ ಮ್ಯಾಲೆ ಕುಂದರ್ತಿದ್ದಾಕಿ ನಾನು. ನೀನು ತೊಟ್ಲಾಗ ಇದ್ದಿ. ಆ ಮಣಿ ಮುರಿದ ಮ್ಯಾಲೆ ನಿನಗ ಹಲ್ಲು ಬಂದಾವು." ಹಾಗಾದರೆ ಆ ಜಿಡ್ಡು ಯಾರದ್ದು? ನನ್ನ ಬಾಲ್ಯದ ಎಷ್ಟು ಭಾಗ ನನ್ನದು, ಎಷ್ಟು ಭಾಗ ಅಕ್ಕನಿಂದ ಕದ್ದದ್ದು ಎಂಬ ಚಿಂತೆಯಲ್ಲಿ ನಾನಿರುವಾಗಲೇ ಹಿಂದಿನವರು ನಮ್ಮ ಸರದಿಯನ್ನು ದಾಟಿ ಹೋದರು. ಅದಕ್ಕೂ ಬೈಸಿಕೊಂಡೆ.

ಭಾನುವಾರ ಒಣಗಿಸುವ ದಿನ. ಶಾವಿಗೆಯನ್ನು ಉದ್ದನೆಯ ಕೋಲುಗಳ ಮೇಲೆ ಇಳಿಬಿಟ್ಟು ಒಣಗಿಸುತ್ತಾರೆ. ನಮ್ಮ ಮನೆಗೆಂದು ನಾಗವೇಣಿ ಅಕ್ಕನ ಜೊತೆಗೇ ಮಾಡಿಸಿದ ಶಾವಿಗೆಯ ಕೋಲುಗಳು ಹಾಲಿನಲ್ಲಿ ಫ್ಯಾನಿನ ಕೆಳಗೆ, ನನ್ನ ಮಂಚಕ್ಕೂ ಎರಡು ಕುರ್ಚಿಗಳಿಗೂ ಅಡ್ಡಲಾಗಿ ಮಲಗಿದವು. ಅಂದರೆ ನನ್ನ ಯೋಜನೆಯನ್ನು ಅವು ನನಗಿಂತ ಚೆನ್ನಾಗಿ ನೆರವೇರಿಸಿದವು. ಅಕ್ಕನ ಶಾವಿಗೆಗೆ ಒಳಗೆ ಜಾಗ ಸಾಲದೆ ಅದನ್ನು ಮಾಳಿಗೆಗೆ ಒಯ್ದರು. ಅಕ್ಕನ ಕಾಯಿದೆ ಏನೆಂದರೆ, ಬೆಳಗಿನ ಎಳೆ ಬಿಸಿಲು ಸ್ವಲ್ಪ ತಾಕಬೇಕು, ಆಮೇಲೆ ನೆರಳಿನಲ್ಲೇ ಆರಬೇಕು. ಸುಡು ಬಿಸಿಲು ಬಿದ್ದರೆ ಎಳೆ ಬಿರುಸಾಗಿ ಪಟ್ಟನೆ ಮುರಿಯುತ್ತದೆ. ನಮ್ಮ ಮಾಳಿಗೆಯ ಮೇಲೆ ನೆರಳು ಇರುವುದು ಒಂದೇ. ಮೂಡಲ ಅಂಚಿನಲ್ಲಿ ಎತ್ತರದ ಕಂಬಗಳ ಮೇಲೆ ನಿಂತಿರುವ ನೀರಿನ ಟ್ಯಾಂಕಿನದು. ಆ ನೆರಳಿಗೆ ಶಾವಿಗೆ ಇಟ್ಟು, ಕಾವಲಿಗೆ ನನ್ನನ್ನು ಇಟ್ಟರು. "ನಿಮಗೇನು, ಹೆಂಗೂ ಸುಮ್ನ ಕುಂದ್ರಬೇಕು ಅಂತಿದ್ರಿ. ಮ್ಯಾಲೆ ಕುಂದರ್ರಿ" ಎಂದಳು ನಾಗವೇಣಿ. "ಮತ್ತೇನೂ ಬ್ಯಾಡಪ್ಪ, ನೆರಳು ಸರೀತು ಅಂದ್ರ ಒಂದು ಕೂಗು ಹಾಕು, ನಾವು ಬಂದು ಕೆಳಗ ಒಯ್ತೀವಿ" ಎಂದಳು ಅಕ್ಕ. ಈ ಕೆಲಸಕ್ಕೆ ನನಗೆ ಬೇಕಿದ್ದ ಅರ್ಹತೆ ಕಣ್ಣು ತೆರೆದಿರುವುದು, ಅಷ್ಟೇ.

ಬೆಳಗ್ಗೆ ನೆರಳು ಧಾರಾಳವಾಗಿತ್ತು. ಹೊತ್ತು ಏರಿದಂತೆ ಅದು ಸಣ್ಣದಾಗುತ್ತ ಬಂತು. ಶಾವಿಗೆಯ ಕೋಲುಗಳನ್ನು ಟ್ಯಾಂಕಿನತ್ತ ಸರಿಸಿದೆ, ನಾನೂ ಸರಿದೆ. ಊಟದ ಹೊತ್ತಿಗೆ ನೆರಳು ಟ್ಯಾಂಕಿನ ಬುಡಕ್ಕೆ ಬಂದು ಮುದುಡಿಕೊಂಡಿತ್ತು. ಶಾವಿಗೆ ಕೂತರೆ ನಾನು ಹೊರಗೆ, ನಾನು ಕೂತರೆ ಶಾವಿಗೆ ಹೊರಗೆ. ರೊಟ್ಟಿ ತಿಂದು ಬಂದು, ಕೋಲುಗಳನ್ನು ಒತ್ತೊತ್ತಾಗಿ ಜೋಡಿಸಿ, ಉಳಿದ ಕಿರಿದಾದ ಜಾಗದಲ್ಲಿ ಕಂಬಕ್ಕೆ ಒರಗಿ, ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತೆ. ಟ್ಯಾಂಕಿನ ಆಚೆಗಿರುವ ಪಕ್ಕದ ಮಾಳಿಗೆಗೆ ಕೊಟ್ರಪ್ಪ ಚಾಪೆ ತಂದ. ಸಿಮೆಂಟ್ ಅಂಗಡಿ ಇಟ್ಟವನು. ಅವನ ಮಾಳಿಗೆ ನಮ್ಮದಕ್ಕಿಂತ ತುಸು ತಗ್ಗು, ಟ್ಯಾಂಕೂ ಇಲ್ಲ, ತಗಡೂ ಇಲ್ಲ, ಬರೀ ಬೋಳು. ದಿನಾ ಮಧ್ಯಾಹ್ನ ನಮ್ಮ ಗೋಡೆಯ ಕಡೆಗೇ ಚಾಪೆ ಹಾಸುತ್ತಾನೆ. ನನ್ನ ಜೊತೆ ನಾಲ್ಕು ಒಳ್ಳೆಯ ಮಾತಾಡುವ ಆಸೆಗೆ ಇರಬೇಕೆಂದು ನಾನು ಯಾವಾಗಲೂ ಅಂದುಕೊಂಡಿದ್ದೆ.

ಮುಂದಿನದರ ಬಗ್ಗೆ ನನ್ನ ಹೇಳಿಕೆ ಹೀಗಿದೆ. ನಾನು ಎಚ್ಚರವಿದ್ದೆ. ಕಣ್ಣು ಮುಚ್ಚಿರಬಹುದು, ಆದರೆ ಅದು ಬೆಳಕಿನ ಝಳಕ್ಕೆ. ಮಧ್ಯಾಹ್ನದ ಹರಪನಹಳ್ಳಿ ಬಸ್ಸು ನಮ್ಮ ಓಣಿಯ ತಿರುವಿನಲ್ಲಿ ಉದ್ದಕ್ಕೆ ಹಾರನ್ ಹೊಡೆದದ್ದನ್ನು ನಾನು ಕೇಳಿದೆ. ಆಗ ನಾನು ನೆರಳಿನಲ್ಲಿದ್ದೆ. ಶಾವಿಗೆಯೂ ನೆರಳಿನಲ್ಲಿತ್ತು. ಇದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ.

ಆಮೇಲೆ ನನಗೆ ಕೇಳಿಸಿದ್ದು ಅಕ್ಕನ ಕೂಗು. ಅವಳು ಒಂದು ಕೋಲಿನಿಂದ ಶಾವಿಗೆ ಎತ್ತಿದ್ದಳು, ಅದು ಅವಳ ಕೈಯಲ್ಲೇ ಪಟಪಟನೆ ಮುರಿದು ಕಡ್ಡಿ ಕಡ್ಡಿಯಾಗಿ ಬಿತ್ತು. ಇನ್ನೊಂದು ಕೋಲು, ಅದೂ ಹಾಗೇ. ರೇಖಾ ಅಲ್ಲೇ ಕೂತು ಬಿದ್ದ ಚೂರುಗಳನ್ನು ಉಡಿಯಲ್ಲಿ ಆರಿಸಿಕೊಳ್ಳತೊಡಗಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಮಲಗಿದ್ದೆ ಹೌದಿಲ್ಲೋ?" ಎಂದಳು ಅಕ್ಕ.

"ಇಲ್ಲ. ಬಸ್ಸಿನ ಹಾರನ್ ಕೇಳಿದೆ. ಆಗಲೂ ನೆರಳಿತ್ತು. ಹಿಟ್ಟು ಸರಿ ಇಲ್ಲ, ಇಲ್ಲವೇ ಯಂತ್ರ ಸರಿ ಇಲ್ಲ."

"ಹಿಟ್ಟಿಗಿ ಬೈತೀಯೇನಲೇ! ಅದೇ ಗೋದಿ, ಅದೇ ಯಂತ್ರ. ಕೆಳಗ ನಾಗವೇಣೀದು ನೂಲಿದ್ದಂಗ ಐತಿ!"

ಗೋಡೆಯಾಚೆಯಿಂದ ಕೊಟ್ರಪ್ಪ ತಲೆ ಎತ್ತಿದ. "ಅಕ್ಕಾರ, ನಾನು ಕೂಗಿದ್ನೆಲ್ರಿ. ಸರ್, ಬಿಸಲು ಬಂತು, ಶಾವಿಗಿ ಸರಸ್ರಿ ಅಂದೆ. ಹ್ಞೂಂ ಅಂದ್ರು."

"ನೋಡಿ!" ಎಂದೆ ನಾನು. "ಹ್ಞೂಂ ಅಂದವನು ಎಚ್ಚರ ಇದ್ದಾನೆ ಅಂತ ಆಯಿತಲ್ಲ! ಅಲ್ಲದೆ ಕೊಟ್ರಪ್ಪ, ನೀವೇ ಮಲಗಿದ್ದಿರಿ. ಮಲಗಿದವರ ಸಾಕ್ಷಿ ನಡೆಯುತ್ತದೇನು?"

"ಮಲಗಿದ್ದಿಲ್ರಿ ಸರ್, ನೆರಳಾಗ ಸುಮ್ನ ಅಡ್ಡಾಗಿದ್ದೆ" ಎಂದ ಕೊಟ್ರಪ್ಪ, ಬೇಸರ ಮಾಡಿಕೊಂಡು.

"ಬೋಳು ಮಾಳಿಗೆಯ ಮೇಲೆ ನೆರಳಂತೆ" ಎಂದು ನಾನು ನಾಗವೇಣಿಯ ಕಡೆ ತಿರುಗಿ ನಕ್ಕೆ. ನಕ್ಕದ್ದು ನಾನೊಬ್ಬನೇ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಕನ್ನಡಿ ನೋಡ್ಕೊಂಡು ಬರ್ರಿ. ಮೂಗು ಬದನಿಕಾಯಿ ಸುಟ್ಟಂಗ ಆಗೈತಿ" ಎಂದಳು. ಸೆಕೆಗೆ ಹಾಗೆ ಆಗುತ್ತದೆ ಎಂದೆ.

ಯಂತ್ರದ ಅಂಗಡಿ ಮುಚ್ಚಿತ್ತು. ಹೊಸದಾಗಿ ಮಾಡಿಸಿದರೂ ಬೆಳಗಾಗುವುದರೊಳಗೆ ಒಣಗುವುದಿಲ್ಲ. ಅಕ್ಕ ಗೋಡೆಗೆ ಒರಗಿ ಕೂತಳು; ಸೆರಗಿನಿಂದ ಮುಖ ಒರೆಸಿಕೊಂಡದ್ದು ಬೆವರಿಗೋ ಕಣ್ಣಿಗೋ ತಿಳಿಯಲಿಲ್ಲ. ನಾಗವೇಣಿ ಕೆಳಗೆ ಹೋದಳು. ಹಾಲಿನಲ್ಲಿ ನನ್ನ ಮಂಚದ ಮೇಲಿದ್ದ, ವರ್ಷಪೂರ್ತಿಗೆಂದು ಮಾಡಿಸಿದ ನಮ್ಮ ಶಾವಿಗೆಯನ್ನೆಲ್ಲ ಕಟ್ಟು ಕಟ್ಟಿ, ಬಿಳಿ ಬಟ್ಟೆಯಲ್ಲಿ ಸುತ್ತಿ ರೇಖಾಳ ಮುಂದೆ ಇಟ್ಟಳು. ಅಕ್ಕ "ಬ್ಯಾಡ ನಾಗವೇಣಿ, ನಿಮ್ಮ ಮನಿಗೆ?" ಎಂದಳು. "ನಮ್ಮ ಮನ್ಯಾಗ ಎಳಿ ಎತ್ತಿ ನೋಡೋರು ಯಾರದಾರ ಅಕ್ಕಾ? ಮುರುಕು ನಮಗಿರಲಿ. ತಿನ್ನೋರು ತಿಂತಾರ" ಎನ್ನುತ್ತ ನನ್ನ ಕಡೆ ನೋಡಿದಳು.

ಸೋಮವಾರ ಬೀಗರು ಬಂದರು. ಊಟವಾದ ಮೇಲೆ ಬೀಗತಿ ಕಟ್ಟು ಬಿಚ್ಚಿ, ಒಂದು ಎಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎತ್ತಿದಳು. ಎಳೆ ಬಂತು, ಬರುತ್ತಲೇ ಇತ್ತು. ರೇಖಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ಚಲೋ ಆರಿಸೀರಿ ನೋಡ್ರಿ. ಈ ಬಿಸಲಾಗ ಯಾರು ಕಾಯ್ದರು?" ಎಂದಳು ಬೀಗತಿ. ಅಕ್ಕ ಕ್ಷಣವೂ ತಡೆಯಲಿಲ್ಲ. "ನಮ್ಮ ತಮ್ಮನೇ ರೀ. ಮುಂಜಾನಿಂದ ಸಂಜಿತನ ಮಾಳಿಗಿ ಬಿಟ್ಟು ಇಳಿದಿಲ್ಲ." ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂಬಂತೆ ನಾನು ತಲೆಯಾಡಿಸಿದೆ. ಬೀಗತಿ ನನ್ನ ಸುಟ್ಟ ಮೂಗನ್ನು ನೋಡಿ, "ಪಾಪ, ಎಷ್ಟು ಕಷ್ಟಪಟ್ಟಾರ" ಎಂದಳು. ಅಡುಗೆಮನೆಯಲ್ಲಿ ನಾಗವೇಣಿಗೆ ಕೆಮ್ಮು ಬಂತು.

ಅಂದಿನಿಂದ ನಮ್ಮ ಮನೆಯಲ್ಲಿ ಶಾವಿಗೆಯನ್ನು ಚಮಚದಲ್ಲಿ ತಿನ್ನುತ್ತಾರೆ. ಉಪ್ಪಿಟ್ಟಾದರೂ ಅಷ್ಟೇ, ಪಾಯಸವಾದರೂ ಅಷ್ಟೇ. ಬಡಿಸುವಾಗ ನಾಗವೇಣಿ ಬೇರೇನೂ ಅನ್ನುವುದಿಲ್ಲ, "ನೆರಳಾಗ ಒಣಗಿದ್ದು, ಉಣ್ರಿ" ಎನ್ನುತ್ತಾಳೆ ಅಷ್ಟೇ. ದಿನ ಬಿಟ್ಟು ದಿನ ಇದನ್ನು ಕೇಳಿ ಕೇಳಿ ನನ್ನೊಳಗಿನ ಇತಿಹಾಸದ ಮೇಷ್ಟರು ಎದ್ದರು. ನೆನಪನ್ನು ನಂಬುವುದು ಬೇಡ, ಸ್ಥಳಕ್ಕೇ ಹೋಗಿ ನೋಡೋಣ, ಇವರೆಲ್ಲರ ಬಾಯಿಗೂ ಒಮ್ಮೆಗೇ ಬೀಗ ಹಾಕೋಣ ಎಂದು ಮುಂದಿನ ಭಾನುವಾರ ಊಟ ಮಾಡಿ, ಓಣಿಯ ತಿರುವಿನ ಕಡೆ ಕಿವಿ ಇಟ್ಟು ಕೂತೆ. ಹರಪನಹಳ್ಳಿ ಬಸ್ಸಿನ ಹಾರನ್ ಕೇಳಿದ್ದೇ ತಡ, ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದೆ. ಕಾಲಿಟ್ಟೊಡನೆ ಅಂಗಾಲು ಸುಟ್ಟು ಕುಣಿದಾಡಿದೆ. ಟ್ಯಾಂಕಿನ ಬುಡಕ್ಕೆ ಹಾರಿ ನಿಂತರೆ ಅಲ್ಲೂ ಬಿಸಿಲು. ಗೋಡೆಯಾಚೆ ಬಗ್ಗಿ ನೋಡಿದೆ. ಕೊಟ್ರಪ್ಪನ ಬೋಳು ಮಾಳಿಗೆಯ ಮೇಲೆ ದುಂಡಗೆ, ತಂಪಾಗಿ ನೆರಳು ಬಿದ್ದಿತ್ತು. ಅದರ ನಟ್ಟನಡುವೆ ಚಾಪೆ ಹಾಸಿ ಕೊಟ್ರಪ್ಪ ಗೊರಕೆ ಹೊಡೆಯುತ್ತಿದ್ದ.

"ಕೊಟ್ರಪ್ಪಾ, ಎಚ್ಚರ ಇದ್ದೀರೇನು?" ಎಂದು ಕೂಗಿದೆ.

"ಹ್ಞೂಂ" ಎಂದು ಮಗ್ಗುಲು ಬದಲಿಸಿ, ಗೊರಕೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದ.

ನಾಗವೇಣಿಗೆ ಇನ್ನೂ ಹೇಳಿಲ್ಲ. ನಾನು ನಿದ್ದೆ ಮಾಡಿದೆನೋ ಇಲ್ಲವೋ ಎಂಬುದು ಈಗಲೂ ನನಗೆ ನೆನಪಿಲ್ಲ. ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಇಷ್ಟೇ: ಹರಪನಹಳ್ಳಿ ಬಸ್ಸು ಹಾರನ್ ಹೊಡೆಯುವ ಹೊತ್ತಿಗೆ ನಮ್ಮ ಟ್ಯಾಂಕಿನ ನೆರಳು ಕೊಟ್ರಪ್ಪನ ಮಾಳಿಗೆಯ ಮೇಲಿರುತ್ತದೆ.