ಮಕ್ಕಳ ಪ್ರತಿನಿಧಿ ಪುಟ್ಟಬಸವಯ್ಯನವರು

ನಂಜನಗೂಡು ತಾಲ್ಲೂಕು ಕಲ್ಲುಕಟ್ಟೆಪುರ ಗ್ರಾಮ ಪಂಚಾಯಿತಿಯ ಮಕ್ಕಳ ಪ್ರತಿನಿಧಿಯಾಗಿ ಶ್ರೀ ಪುಟ್ಟಬಸವಯ್ಯನವರು, ವಯಸ್ಸು ಅರವತ್ತೊಂದು, ಅವಿರೋಧವಾಗಿ ಆಯ್ಕೆಯಾಗಿದ್ದಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ದನಿ ಕೇಳಿಸಬೇಕೆಂದು ಸುತ್ತೋಲೆಯಿದೆ. ಮಕ್ಕಳ ದನಿ ಸಣ್ಣದು. ಪುಟ್ಟಬಸವಯ್ಯನವರದು ಮೈಕಿಲ್ಲದೆ ಪಕ್ಕದೂರಿಗೂ ಕೇಳಿಸುತ್ತದೆ.

ಮೊದಲು ಮಕ್ಕಳೇ ಮಾತಾಡುವ ಪದ್ಧತಿಯಿತ್ತು. ಅದರಿಂದಾದ ಅನಾಹುತ ಎಲ್ಲರಿಗೂ ಗೊತ್ತು. ಕಳೆದ ವರ್ಷ ಆರನೇ ಕ್ಲಾಸಿನ ಪಲ್ಲವಿ, ಮೇಷ್ಟ್ರು ಬಾಯಿಪಾಠ ಮಾಡಿಸಿದ್ದ ಧನ್ಯವಾದವನ್ನು ಬದಿಗಿಟ್ಟು, ಪಿಡಿಒ ಮದನ್ ಅವರ ಮುಖ ನೋಡಿಕೊಂಡೇ ಹೇಳಿಬಿಟ್ಟಳು:

"ಸಾ, ಸ್ಕೂಲ್ ಟಾಯ್ಲೆಟ್ ಬಾಗ್ಲಿಗೆ ಚಿಲ್ಕ ಇಲ್ಲ. ಒಬ್ಳು ಒಳಗೋದ್ರೆ ಇನ್ನೊಬ್ಳು ಬಾಗ್ಲು ಇಡ್ಕೋಬೇಕು. ಒಂದಿನ ಇಡ್ಕಂಡಿದ್ದೋಳು ಬೆಲ್ ಒಡೀತು ಅಂತ ಓಡೋದ್ಲು, ಬಾಗ್ಲು ತಕ್ಕೊಂಡ್ಬುಡ್ತು. ಆವತ್ತಿಂದ ನಾನು ಸ್ಕೂಲಲ್ಲಿ ನೀರೇ ಕುಡಿಯಲ್ಲ ಸಾ."

ಸಭೆ ಗಂಭೀರವಾಯಿತು. ಹುಡುಗಿಯ ಕಣ್ಣಲ್ಲಿ ನೀರಿತ್ತು, ಅದನ್ನು ನಡಾವಳಿಯಲ್ಲಿ ದಾಖಲಿಸಲಿಲ್ಲ.

"ಚಿಲಕಕ್ಕೆ ಅನುದಾನ ಇಲ್ವಲ್ಲಮ್ಮ," ಎಂದರು ಪಿಡಿಒ. "ನಿಮ್ಮ ದನಿ ಆಲಿಸೋದಕ್ಕೆ ಇದೆ."

ಆ ಅನುದಾನದಲ್ಲಿ ಶಾಮಿಯಾನ, ಉಪ್ಪಿಟ್ಟು ಮತ್ತು ಪ್ರತಿನಿಧಿ ಹುದ್ದೆ ಮಂಜೂರಾದವು. ಜೊತೆಗೊಂದು ಠರಾವು: "ಚಿಲಕ ಬರುವವರೆಗೆ ಬಾಗಿಲು ಹಿಡಿದು ನಿಲ್ಲುವುದನ್ನು ಮಕ್ಕಳ ಸಕ್ರಿಯ ಭಾಗವಹಿಸುವಿಕೆ ಎಂದು ಪರಿಗಣಿಸತಕ್ಕದ್ದು."

ಈ ವರ್ಷದ ಸಭೆ ಶಾಲೆಯ ಅಂಗಳದಲ್ಲೇ ನಡೆಯಿತು. ನೀಲಿ ಸಮವಸ್ತ್ರ ಹೊಲಿಸಿಕೊಂಡಿದ್ದ ಪುಟ್ಟಬಸವಯ್ಯನವರು ಮುಂದಿನ ಸಾಲಿನಲ್ಲಿ ಕೂತು, "ನಾವು ಮಕ್ಕಳು ಆಟ ಆಡೋಕೆ ನಮ್ ಮನೆ ಮುಂದ್ಕೆ ಕಾಂಕ್ರೀಟ್ ರೋಡಾಗ್ಬೇಕು ಸಾ," ಎಂದು ಬೇಡಿಕೆಯಿಟ್ಟರು. ಮಕ್ಕಳ ಹಿತದೃಷ್ಟಿಯಿಂದ ತಕ್ಷಣ ಒಪ್ಪಿಗೆಯಾಯಿತು. ಆ ಖುಷಿಗೆ ಮೂರನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ಶೌಚಾಲಯದತ್ತ ಓಡಿದರು. ಆ ಹೊತ್ತಿಗೆ ಬಾಗಿಲು ಹಿಡಿಯುವ ಪಾಳಿ ಪಲ್ಲವಿಯದು.

"ಗಟ್ಟಿಯಾಗಿ ಇಡ್ಕವ್ವಾ!" ಒಳಗಿಂದ ಕೂಗಿದರು.

"ಇಡ್ಕಂಡಿವ್ನಿ ತಾತ. ಚಿಲ್ಕದ್ ವಿಚಾರ ಮಾತಾಡ್ತೀರಾ?"

"ಆಮೇಲ್ ನೋಡಾನ."

"ಬೆಲ್ ಒಡೀತು ತಾತ, ನಾನು ಕ್ಲಾಸಿಗೋಬೇಕು."

"ಅಯ್ಯಯ್ಯೋ, ಮಾತಾಡ್ತೀನಿ ಕಣವ್ವ! ನಮ್ಮಪ್ಪನಾಣೆ, ಬಾಗ್ಲು ಬುಡಬ್ಯಾಡ!"

ಪುಟ್ಟಬಸವಯ್ಯನವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ವಾರದೊಳಗೆ ಚಿಲಕ ಬಂತು. ಸರ್ಕಾರಿ ಆಸ್ತಿಗೆ ಭದ್ರತೆ ಮುಖ್ಯವಾದ್ದರಿಂದ ಅದನ್ನು ಹೊರಗಡೆ ಹಾಕಿ ಬೀಗ ಜಡಿಯಲಾಯಿತು. ಕೀಲಿಕೈ ಮಕ್ಕಳ ಪ್ರತಿನಿಧಿಯ ಉಡಿದಾರದಲ್ಲಿದೆ. ಪ್ರತಿನಿಧಿಗಳು ವಾರದಲ್ಲಿ ಹೆಚ್ಚು ದಿನ ತಿ. ನರಸೀಪುರದ ಮಗಳ ಮನೆಯಲ್ಲಿರುತ್ತಾರೆ.

ಬಾಗಿಲು ಹಿಡಿದು ನಿಲ್ಲುವ ಕಷ್ಟ ಸಂಪೂರ್ಣ ನಿವಾರಣೆಯಾಗಿದೆ ಎಂದು ಪಿಡಿಒ ವರದಿ ಕಳಿಸಿದ್ದಾರೆ. ಅದು ಅಕ್ಷರಶಃ ನಿಜ. ಈಗ ಪಲ್ಲವಿಯೊಬ್ಬಳೇ ಅಲ್ಲ, ಶಾಲೆಯ ಯಾವ ಹುಡುಗಿಯೂ ನೀರು ಕುಡಿಯುವುದಿಲ್ಲ. ಕುಡಿಯುವ ನೀರಿನ ಟ್ಯಾಂಕು ಸದಾ ತುಂಬಿರುವುದನ್ನು ಗಮನಿಸಿದ ಮೇಲಧಿಕಾರಿಗಳು ನಮ್ಮ ಶಾಲೆಗೆ ಜಲ ಸಂರಕ್ಷಣಾ ಪ್ರಶಸ್ತಿ ಕೊಟ್ಟರು. ಮಕ್ಕಳ ಪರವಾಗಿ ಪುಟ್ಟಬಸವಯ್ಯನವರು ಸ್ವೀಕರಿಸಿದರು. ಒಣಗಿದ ತುಟಿ ಸವರಿಕೊಂಡು ಪಲ್ಲವಿಯೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.