ಒಳಗೆ ಏನೂ ಇಲ್ಲದ ಕಿಟಕಿಗಳು

ಇಂದ:
ತಮ್ಮ (ಸಂಬಂಧದಲ್ಲಿ),
ದ್ವಿತೀಯ ದರ್ಜೆ ಗುಮಾಸ್ತ, ದೂರು ವಿಭಾಗ,
ನೀರು ಸರಬರಾಜು ಕಚೇರಿ.

ಗೆ:
ಮಾನ್ಯ ಅಕ್ಕನವರು,
ಬೇಕರಿ ಮಾಲೀಕರು,
ಬೇಕರಿಯ ಮೇಲಿನ ಮನೆ.

ವಿಷಯ: ಮಕ್ಕಳ ಕ್ಯಾಲೆಂಡರಿನೊಳಗೆ ಈ ವರ್ಷ ಏನೂ ಇಲ್ಲದಿರುವ ಬಗ್ಗೆ ವಿವರಣೆ ಹಾಗೂ ತಾವು ಫೋನ್ ಎತ್ತದಿರುವ ಬಗ್ಗೆ ಮನವಿ.

ಉಲ್ಲೇಖ:
(ಅ) ನನ್ನ ಮಗ ಗುಂಡುವು ತಮ್ಮೊಂದಿಗೆ ಫೋನಿನಲ್ಲಿ ಆಡಿದ ಮಾತು.
(ಆ) ಕಳೆದ ಭಾನುವಾರ ತಾವು ಬಾಗಿಲಿನ ಹಿಂದಿನಿಂದ ನೀಡಿದ ಮೌಖಿಕ ಆದೇಶ: "ಏನಿದ್ರೂ ಬರೆದು ಕೊಡು. ಬಾಯಲ್ಲಿ ಹೇಳೋದು ನಿಂಗೆ ಯಾವತ್ತು ಬಂದಿದೆ?"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ (ಆ)ರ ಆದೇಶವನ್ನು ಶಿರಸಾವಹಿಸಿ ಬರೆದು ಕೊಡುತ್ತಿದ್ದೇನೆ. ನಲ್ಲಿಯಲ್ಲಿ ನೀರು ಬಾರದವರ ಅರ್ಜಿಗಳನ್ನು ದಿನವಿಡೀ ಓದಿ ಓದಿ ನನಗೆ ಈ ಭಾಷೆಯೊಂದೇ ಸಲೀಸಾಗಿ ಉಳಿದಿದೆ. ಆದ್ದರಿಂದ ಹೆತ್ತ ತಾಯಿಗಿಂತ ಹೆಚ್ಚು ಸಲ ನನ್ನ ಕಿವಿ ಹಿಂಡಿದ ತಮ್ಮನ್ನು "ತಾವು" ಎಂದು ಸಂಬೋಧಿಸಿರುವುದಕ್ಕೆ ನಗಬಾರದಾಗಿಯೂ, ನಗಲೇಬೇಕೆನಿಸಿದರೆ ಬಾಗಿಲ ಹೊರಗೆ ಕೇಳಿಸುವಷ್ಟು ಗಟ್ಟಿಯಾಗಿ ನಗಬೇಕಾಗಿಯೂ ಕೋರುತ್ತೇನೆ.

೧. ವರ್ಷದ ಕೊನೆಯ ತಿಂಗಳಲ್ಲಿ ಮಕ್ಕಳಿರುವ ಮನೆಗಳಲ್ಲಿ ಕ್ರಿಸ್‌ಮಸ್‌ವರೆಗೆ ದಿನ ಎಣಿಸುವ ಅಡ್ವೆಂಟ್ ಕ್ಯಾಲೆಂಡರ್ ಎಂಬ ವಸ್ತುವನ್ನು ತೂಗುಹಾಕುವುದು ಸರಿಯಷ್ಟೆ. ದಿನಕ್ಕೊಂದು ಪುಟ್ಟ ಬಾಗಿಲು. ಬೆಳಿಗ್ಗೆ ಎದ್ದು ಅಂದಿನ ಬಾಗಿಲನ್ನು ಮಾತ್ರ ತೆರೆಯತಕ್ಕದ್ದು, ನಾಳಿನದನ್ನು ಮುಟ್ಟತಕ್ಕದ್ದಲ್ಲ. ನನಗೆ ಮಗಳು ಹುಟ್ಟಿದಾಗಿನಿಂದ ಈ ಕ್ಯಾಲೆಂಡರನ್ನು ತಾವೇ ಕೈಯಾರೆ ತಯಾರಿಸಿ ಸರಬರಾಜು ಮಾಡುತ್ತ ಬಂದಿರುತ್ತೀರಿ. ಮೊದಲ ವರ್ಷ ಅದು ಬೆಂಕಿಪೊಟ್ಟಣಗಳನ್ನು ಅಂಟಿಸಿ ಮಾಡಿದ ಗೂಡಾಗಿತ್ತು, ಒಂದೊಂದರಲ್ಲಿ ಒಂದೊಂದು ಪೆಪ್ಪರ್‌ಮಿಂಟ್. ಮರುವರ್ಷ ಬೆಂಕಿಪೊಟ್ಟಣ ಹೋಗಿ ಸಾಬೂನಿನ ಪೆಟ್ಟಿಗೆ ಬಂತು, ಪೆಪ್ಪರ್‌ಮಿಂಟ್ ಹೋಗಿ ಚಾಕಲೇಟ್ ಬಂತು. ಆಮೇಲೆ ಚಾಕಲೇಟಿನ ಜೊತೆಗೆ ಬಿಸ್ಕತ್ತು, ಅದರ ಜೊತೆಗೆ ಗೊಂಬೆ, ಗೊಂಬೆಗೊಂದು ಕಾರು. ಕಳೆದ ವರ್ಷ ಬಂದ ಕ್ಯಾಲೆಂಡರನ್ನು ಇಬ್ಬರು ಆಳುಗಳು ಮೆಟ್ಟಿಲೇರಿಸಿದರು. ಅದನ್ನಿಡಲು ಜಾಗವಿಲ್ಲದೆ ಊಟದ ಮೇಜನ್ನು ಪಡಸಾಲೆಗೆ ವರ್ಗಾಯಿಸಲಾಯಿತು.

೨. ಮಕ್ಕಳಿಗೆ ಅದು ಇಷ್ಟವಾಗಲಿಲ್ಲವೆಂದು ಬರೆದರೆ ಸುಳ್ಳು ಹೇಳಿದಂತಾಗುತ್ತದೆ. ಬಹಳ ಇಷ್ಟವಾಯಿತು. ತೊಂದರೆಯೆಂದರೆ ಪ್ರತಿದಿನದ ಇಷ್ಟವು ತಿಂಡಿಯ ಹೊತ್ತಿಗೆ ಮುಗಿದು, ಶಾಲೆಯ ವ್ಯಾನ್ ಬರುವ ಹೊತ್ತಿಗೆ ಜಗಳವಾಗಿ ಪರಿವರ್ತನೆಯಾಗುತ್ತಿತ್ತು. ಅವಳ ಗೊಂಬೆ ದೊಡ್ಡದು, ಇವನ ಕಾರಿಗೆ ಚಕ್ರ ಕಡಿಮೆ. ಎಂಟು ವರ್ಷದ ನನ್ನ ಮಗಳನ್ನು ವಕೀಲಮ್ಮ ಎಂದು ಕರೆಯಲಾರಂಭಿಸಿದ್ದು ಆ ತಿಂಗಳಿನಿಂದಲೇ ಎಂಬುದನ್ನು ತಾವು ಬಲ್ಲಿರಿ. ಹೀಗಿರುವಲ್ಲಿ ಒಂದು ಬೆಳಿಗ್ಗೆ ಗುಂಡುವು ಸೋಫಾದ ಹಿಂದೆ ಕುಳಿತು, ತಿಂಗಳಲ್ಲಿ ಉಳಿದಿದ್ದ ಎಲ್ಲ ದಿನಗಳನ್ನೂ ಒಂದೇ ಸಲಕ್ಕೆ ತಿಂದು ಮುಗಿಸಿದನು. ಅದರ ಪರಿಣಾಮವು ಅಂದಿನ ಪ್ರಯಾಣದಲ್ಲಿ ವ್ಯಾನ್ ಡ್ರೈವರ್ ಅವರ ಪ್ಯಾಂಟಿನ ಮೇಲೆ ಕಂಡುಬಂತು.

೩. ನನ್ನ ಪತ್ನಿಯು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿರುವುದರಿಂದ ಆಕೆಯ ಅಭಿಪ್ರಾಯವನ್ನು ಪ್ರತ್ಯೇಕವಾಗಿ ದಾಖಲಿಸಿಲ್ಲ.

೪. ಈ ವರ್ಷ ತಾವು ಬೇಕರಿಯಲ್ಲಿ ಸ್ಟೂಲಿನ ಮೇಲೆ ಹತ್ತಿ ಮೈದಾ ಡಬ್ಬ ಇಳಿಸುವಾಗ ಡಬ್ಬದ ಸಮೇತ ಇಳಿದು, ಬಲಗೈ ಮಣಿಕಟ್ಟು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿರುತ್ತೀರಿ. ಕಾರಣ ಕ್ಯಾಲೆಂಡರ್ ಬರುವ ಸಂಭವವಿರಲಿಲ್ಲ. ಬರಿಗೋಡೆ ನೋಡಿ ಮಕ್ಕಳು ಅತ್ತಾರೆಂದು ನಾನು ಕಚೇರಿಯಿಂದ ಬರುವಾಗ ಸ್ಟೇಷನರಿ ಅಂಗಡಿಯಲ್ಲಿ ಒಂದು ರಟ್ಟಿನ ಕ್ಯಾಲೆಂಡರ್ ಕೊಂಡೆ. ಒಂದು ಬೀದಿ, ಬೀದಿಯ ತುಂಬ ಮನೆಗಳು, ಮನೆಗಳ ತುಂಬ ಕಿಟಕಿಗಳು. ಕಿಟಕಿ ತೆರೆದರೆ ಒಳಗೊಂದು ಚಿತ್ರ, ಅಷ್ಟೇ. ಇಬ್ಬರಿಗೂ ಸೇರಿ ಒಂದೇ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಯಿತು.

೫. ಮೊದಲ ದಿನದ ನಡಾವಳಿ ಈ ಕೆಳಗಿನಂತಿದೆ.

"ಅಪ್ಪ, ಇದರಲ್ಲಿ ಏನೂ ಇಲ್ಲ. ಬರೀ ಬೆಕ್ಕು," ಎಂದಳು ವಕೀಲಮ್ಮ.

"ತಿನ್ನೋಕೆ?" ಎಂದ ಗುಂಡು.

"ಬೆಕ್ಕನ್ನ ತಿನ್ನೋಕಾಗಲ್ಲ ಕಣೋ."

ಗುಂಡುವು ಕಿಟಕಿಯೊಳಗೆ ಬೆರಳು ತೂರಿಸಿ ಪರಿಶೀಲಿಸಿ, ಕ್ಯಾಲೆಂಡರ್ ಕೆಟ್ಟುಹೋಗಿದೆ, ಅಂಗಡಿಗೆ ವಾಪಸ್ ಕೊಡಿ ಎಂದು ತೀರ್ಮಾನಿಸಿದನು. ಎರಡನೆಯ ದಿನದ ಕಿಟಕಿಯಲ್ಲಿ ಏಣಿ ಹೊತ್ತ ತಾತನೊಬ್ಬ ಸಿಕ್ಕ. ಇಬ್ಬರೂ ಅವನನ್ನು ಹತ್ತಿರದಿಂದ ಪರಿಶೀಲಿಸಿದರು.

"ಈ ತಾತ ಏಣಿ ಯಾಕೆ ತಗೊಂಡಿದ್ದಾನೆ?" ಎಂದ ಗುಂಡು.

"ಬೆಕ್ಕು ಹಿಡಿಯೋಕೆ. ಅದು ಇವನದೇ ಬೆಕ್ಕು. ಓಡಿ ಬಂದಿದೆ."

"ಯಾಕೆ ಓಡಿ ಬಂತು?"

ಅಲ್ಲಿಂದ ಶುರು. ಮೂರನೆಯ ಕಿಟಕಿಯಲ್ಲಿ ಒಂದೇ ಕಾಲಿಗೆ ಶೂ ಹಾಕಿಕೊಂಡ ಹೆಂಗಸು ಬಂದಳು. ಇನ್ನೊಂದು ಶೂ ಎಲ್ಲಿ ಎಂಬ ಪ್ರಶ್ನೆ ನಮ್ಮ ಮನೆಯಿಂದ ಹೊರಟು, ವ್ಯಾನ್ ಹತ್ತಿ, ಶಾಲೆಗೆ ಹೋಗಿ, ಸಂಜೆ ವಾಪಸ್ ಬಂತು. ಮರುದಿನ ಬೆಳಿಗ್ಗೆ ವ್ಯಾನ್ ಡ್ರೈವರ್ ಅವರೇ ಕಿಟಕಿಯಿಂದ ತಲೆ ಹೊರಹಾಕಿ, "ಏನಪ್ಪಾ ಗುಂಡಣ್ಣ, ಶೂ ಸಿಕ್ತಾ?" ಎಂದು ವಿಚಾರಿಸಿದರು. ಅವರ ಪ್ಯಾಂಟು ಅಂದು ಸ್ವಚ್ಛವಾಗಿತ್ತು ಎಂಬುದನ್ನು ಗಮನಕ್ಕೆ ತರಬಯಸುತ್ತೇನೆ.

೬. ಚಾಕಲೇಟು ಬೇಡವಾಯಿತೇ ಎಂದು ನಾನೇ ವಕೀಲಮ್ಮನನ್ನು ಕೇಳಿದೆ. "ಬೇಕಪ್ಪ, ಯಾರು ಬೇಡ ಅಂದ್ರು? ಆದ್ರೆ ಅದು ತೆಗೆದ್ರೆ ಮುಗೀತು. ಇದು ತೆಗೆದ್ಮೇಲೆ ತಲೆಬಿಸಿ ಶುರು," ಎಂದಳು. ತಲೆಬಿಸಿಯನ್ನು ಅಷ್ಟು ಸಂತೋಷದಿಂದ ಹೇಳುವವರನ್ನು ನಮ್ಮ ಕಚೇರಿಯಲ್ಲಿ ನಾನು ಕಂಡಿಲ್ಲ.

೭. ಇನ್ನು ಉಲ್ಲೇಖ (ಅ)ರ ವಿಷಯ. ಹೀಗಿರುವಾಗ ಒಂದು ಸಂಜೆ ತಾವು ಎಡಗೈಯಲ್ಲಿ ನಂಬರ್ ಒತ್ತಿ ಕಷ್ಟಪಟ್ಟು ಫೋನ್ ಮಾಡಿದಿರಿ. ನಾನು ಶೂ ಬಿಚ್ಚುತ್ತಿದ್ದೆ. ಗುಂಡು ಓಡಿ ಹೋಗಿ ಫೋನ್ ಕಸಿದುಕೊಂಡು, ಬೀದಿಗೆಲ್ಲ ಕೇಳುವಂತೆ ಕೂಗಿದನು:

"ಅತ್ತೇ! ಈ ಸಲದ್ದು ನಿನ್ನದಕ್ಕಿಂತ ಚೆನ್ನಾಗಿದೆ! ಇದರಲ್ಲಿ ಏನೂ ಇಲ್ಲ!"

ತಾವು "ಹೌದಾ ಕಂದ" ಎಂದಿರಿ. ಆಮೇಲೆ ಫೋನ್ ಇಟ್ಟಿರಿ. ಆಮೇಲೆ ಎತ್ತಲೇ ಇಲ್ಲ. ನಾನು ಮಾಡಿದೆ, ಪತ್ನಿ ಮಾಡಿದಳು, ಕೊನೆಗೆ ಗುಂಡುವೂ ಮಾಡಿದ. ಅಂಗಡಿಗೆ ಮಾಡಿದರೆ ತಮ್ಮ ಕೆಲಸದಾಕೆ, "ಅಮ್ಮಾವ್ರು ಮಲಗಿದ್ದಾರಂತೆ, ಹಾಗೆ ಹೇಳು ಅಂತ ಅವರೇ ಹೇಳಿದ್ರು," ಎಂದು ಪ್ರಾಮಾಣಿಕವಾಗಿ ಉತ್ತರಿಸಿದಳು.

೮. ಆದ್ದರಿಂದ ಕಳೆದ ಭಾನುವಾರ ಖುದ್ದಾಗಿ ಹಾಜರಾದೆ. ಬಾಗಿಲು ತಟ್ಟಿದೆ. ತಾವು ತೆರೆಯಲಿಲ್ಲ, ಆದರೆ ಬಾಗಿಲ ಹಿಂದೆಯೇ ನಿಂತಿದ್ದಿರಿ ಎಂಬುದು ಉಸಿರಿನಿಂದ ತಿಳಿಯುತ್ತಿತ್ತು.

"ಅಕ್ಕ, ಮಗು ಅದು. ಏನೋ ಅಂದುಬಿಡ್ತು," ಎಂದೆ.

"ಮಗು ಸುಳ್ಳು ಹೇಳಲ್ಲ," ಎಂದಿರಿ. ಆಮೇಲೆ, "ಚಿಕ್ಕವರಿದ್ದಾಗ ನಮಗೆ ಏನೂ ಇರ್ಲಿಲ್ಲ. ಅಂಗಡಿ ಗಾಜಿಗೆ ಮೂಗು ಒತ್ತಿ ನಿಂತಿದ್ದು ನೆನಪಿದೆಯಾ? ನನ್ನ ತಮ್ಮನ ಮಕ್ಕಳು ಹಾಗೆ ನಿಲ್ಲಬಾರದು ಅಂತ ಮಾಡಿದ್ದೆ. ನೀನು ಆ ಏನೂ ಇಲ್ಲದ್ದನ್ನೇ ತಂದು ಅವರ ಮುಂದೆ ಇಟ್ಟೆ. ಅದೇ ಚೆನ್ನಾಗಿದೆ ಅಂತಾರೆ. ಹಾಗಿದ್ರೆ ನಾನು ಇಷ್ಟು ವರ್ಷ ಮಾಡಿದ್ದು ಯಾತಕ್ಕೆ?" ಎಂದಿರಿ.

ನಾನು "ಹಾಗಲ್ಲಕ್ಕ" ಎಂದೆ. ಹೇಗೆ ಎಂದು ಕೇಳಿದಿರಿ. ಮತ್ತೆ "ಹಾಗಲ್ಲಕ್ಕ" ಎಂದೆ. ಆಗಲೇ ತಾವು ಬರೆದು ಕೊಡಲು ಆದೇಶಿಸಿದ್ದು.

೯. ಹೇಗೆ ಎಂಬುದನ್ನು ಈಗ ಬರೆಯುತ್ತಿದ್ದೇನೆ. ನನಗೆ ಕಾಮಾಲೆಯಾಗಿ ಶಾಲೆ ಬಿಟ್ಟು ಮಲಗಿದ್ದ ಕಾಲ ತಮಗೆ ನೆನಪಿರಬಹುದು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದರು. ತಾವು ಶಾಲೆಯಿಂದ ಬಂದವರೇ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಒಂದು ಮನೆ ಬರೆದು, ಬ್ಲೇಡಿನಿಂದ ಕಿಟಕಿಗಳನ್ನು ಕೊಯ್ದು, ನನ್ನ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದಿರಿ. ಕಿಟಕಿ ತೆರೆದರೆ ಒಳಗೆ ಚಿತ್ರವೂ ಇರಲಿಲ್ಲ, ಸುಣ್ಣ ಉದುರಿದ ಗೋಡೆ ಇತ್ತು. ತಾವು ಅದರೊಳಗೆ ಇಣುಕಿ, "ಅಯ್ಯಯ್ಯೋ, ಈ ಮೇಷ್ಟ್ರು ಬಚ್ಚಲಲ್ಲಿ ಆನೆ ಕಟ್ಟಿದ್ದಾರಲ್ಲೋ!" ಎಂದಿರಿ. ಮರುದಿನ ಆನೆಗೆ ಸೋಪು ಸಾಲದೆ ಮೇಷ್ಟ್ರು ಪಕ್ಕದ ಕಿಟಕಿಯವರ ಬಳಿ ಕೇಳಲು ಹೋದರು. ಅದರ ಮರುದಿನ ಪಕ್ಕದ ಕಿಟಕಿಯವರಿಗೆ ಆನೆ ಇರುವುದು ಗೊತ್ತಾಗಿಹೋಯಿತು. ನನ್ನ ಕಾಮಾಲೆ ಔಷಧಿಯಿಂದ ಗುಣವಾಯಿತೆಂದು ಡಾಕ್ಟರು ಹೇಳಿದರು. ನನ್ನ ತಿಳಿವಳಿಕೆಯಂತೆ, ಆ ಆನೆಯ ಗತಿ ಏನಾಯಿತೆಂದು ತಿಳಿಯಬೇಕೆಂಬ ಹಟಕ್ಕೇ ನಾನು ದಿನಾ ಗಂಜಿ ಕುಡಿದು ಎದ್ದು ಕೂರುತ್ತಿದ್ದೆ.

ನಮಗೆ ಏನೂ ಇರಲಿಲ್ಲ ಎಂದು ತಾವು ಭಾನುವಾರ ಹೇಳಿದ್ದನ್ನು ಈ ಮೂಲಕ ನಾನು ಒಪ್ಪುವುದಿಲ್ಲ. ನನಗೆ ಆನೆ ಇತ್ತು.

೧೦. ಮಕ್ಕಳ ಪ್ರಸ್ತುತ ಪರಿಸ್ಥಿತಿ ಗಂಭೀರವಾಗಿದೆ. ಕಥೆ ಹೇಳುವ ಹೆಚ್ಚುವರಿ ಪ್ರಭಾರವನ್ನು ನನಗೆ ವಹಿಸಲಾಗಿತ್ತು. ನಾನು, "ಒಂದು ಶೂ ಧರಿಸಿದ ಮಹಿಳೆಯು ಕಿಟಕಿಯ ಬಳಿ ನಿಂತಿರುವುದು ಕಂಡುಬರುತ್ತದೆ" ಎಂದು ಆರಂಭಿಸಿದೆ. "ಅಪ್ಪ, ಇದು ಕಥೆನಾ, ವರದಿನಾ?" ಎಂದು ವಕೀಲಮ್ಮ ಆಕ್ಷೇಪಣೆ ಎತ್ತಿ ಪ್ರಭಾರವನ್ನು ತಾಯಿಗೆ ವರ್ಗಾಯಿಸಿದಳು. ಆಕೆಯ ಕಥೆಗಳಲ್ಲಿ ಕಳ್ಳರೂ ಸೇರಿದಂತೆ ಎಲ್ಲರೂ ಕೊನೆಗೆ ಹಲ್ಲುಜ್ಜಿಕೊಂಡು ಮಲಗುತ್ತಾರೆ. ಹೀಗೆ ನಾವಿಬ್ಬರೂ ಅನರ್ಹರೆಂದು ಸಾಬೀತಾಗಿದ್ದೇವೆ. ಗಿರಾಕಿಗಳು ಬನ್ನು ಕೇಳಿದ ಧಾಟಿಯಿಂದಲೇ ಯಾವ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆಂದು ಹೇಳಬಲ್ಲ ವ್ಯಕ್ತಿ ನಮ್ಮ ಕುಟುಂಬದಲ್ಲಿ ಒಬ್ಬರೇ. ಅವರು ಫೋನ್ ಎತ್ತುತ್ತಿಲ್ಲ.

೧೧. ಕೊನೆಯದಾಗಿ ತೆರೆದ ಕಿಟಕಿಯಲ್ಲಿ ದೊಡ್ಡ ಪೆಟ್ಟಿಗೆಯ ಪಕ್ಕ ನಿಂತ ಹೆಂಗಸೊಬ್ಬಳಿದ್ದಾಳೆ. ಅವಳು ಊರಿಗೆ ಹೊರಟಿದ್ದಾಳೆಂದು ಗುಂಡು, ಈಗಷ್ಟೇ ಬಂದಿಳಿದಿದ್ದಾಳೆಂದು ವಕೀಲಮ್ಮ. ಅತ್ತೆಯನ್ನು ಕೇಳದೆ ಇದು ಬಗೆಹರಿಯದು ಎಂಬಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿದೆ. ಆದ್ದರಿಂದ ವಕೀಲಮ್ಮನು ತಮ್ಮ ತೀರ್ಪು ಬರುವವರೆಗೆ ಉಳಿದ ಕಿಟಕಿಗಳನ್ನು ಯಾರೂ ತೆರೆಯಕೂಡದೆಂದು ತಡೆಯಾಜ್ಞೆ ಹೊರಡಿಸಿ ಫ್ರಿಜ್ಜಿಗೆ ಅಂಟಿಸಿದ್ದಾಳೆ. ದಿನಗಳು ಹೋಗುತ್ತಿವೆ, ಕಿಟಕಿಗಳು ಮುಚ್ಚಿಯೇ ಇವೆ. ಹೋದ ವರ್ಷ ಒಂದು ತಿಂಗಳನ್ನೇ ನುಂಗಿದ ಗುಂಡುವು ಈಗ ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿ ಕಾವಲು ಕೂತಿದ್ದಾನೆ. ಇಂದು ಬೆಳಿಗ್ಗೆ ಹಾಲು ತೆಗೆಯಲು ಹೋದ ನನಗೆ, "ಕಿಟಕಿ ಮುಟ್ಬೇಡ ಅಪ್ಪ, ಅತ್ತೆ ಬರ್ಬೇಕು," ಎಂದನು. ಅತ್ತೆ ಬರದಿದ್ದರೆ, ಎಂದು ಕೇಳಿದೆ. ಅವನು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿ, ಕುರ್ಚಿಯನ್ನು ಫ್ರಿಜ್ಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡನು.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ತಾವು ದಯಮಾಡಿ ನಮ್ಮ ಮನೆಗೆ ಆಗಮಿಸಿ, ಪೆಟ್ಟಿಗೆ ಹೆಂಗಸಿನ ಪ್ರಕರಣವನ್ನು ಇತ್ಯರ್ಥಪಡಿಸಿ, ಬಾಕಿ ಉಳಿದ ಕಿಟಕಿಗಳನ್ನು ತಮ್ಮ ಅಮೃತ ಹಸ್ತದಿಂದ (ಎಡದ್ದು) ತೆರೆದುಕೊಡಬೇಕು. ಬರುವಾಗ ಏನನ್ನೂ ತರಬಾರದು, ಕೈ ಬೀಸಿಕೊಂಡು ಬರಬೇಕು. ಒಂದು ಕೈ ಜೋಳಿಗೆಯಲ್ಲಿರುವುದರಿಂದ ಇನ್ನೊಂದನ್ನು ಮಾತ್ರ ಬೀಸಿದರೂ ಸಾಕೆಂದು ಪರಿಗಣಿಸಲಾಗುವುದು. ಚಾಕಲೇಟು ಎರಡು ತಂದರೆ ತನ್ನ ಅಭ್ಯಂತರವಿಲ್ಲವೆಂದು ಗುಂಡುವು ಪ್ರತ್ಯೇಕವಾಗಿ ತಿಳಿಸಿರುತ್ತಾನೆ. ಇದನ್ನು ನನ್ನ ಪತ್ನಿಯ ಗಮನಕ್ಕೆ ತರಬಾರದಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ತಮ್ಮ

ಲಗತ್ತುಗಳು:
೧. ವಕೀಲಮ್ಮನ ತಡೆಯಾಜ್ಞೆಯ ನಕಲು (ಕಾಗುಣಿತ ತಿದ್ದಿಲ್ಲ).
೨. ಪೆಟ್ಟಿಗೆ ಹೆಂಗಸಿನ ಚಿತ್ರ, ಗುಂಡು ಬರೆದದ್ದು. ಹೆಂಗಸಿಗಿಂತ ಪೆಟ್ಟಿಗೆ ದೊಡ್ಡದಿದೆ.
೩. ಎಡಗೈಯಲ್ಲಿ ತಿನ್ನಲು ಅನುಕೂಲವಾಗುವಂತೆ ಪತ್ನಿ ಹೆಚ್ಚಿ ಕಳುಹಿಸಿದ ಹಣ್ಣು, ಒಂದು ಡಬ್ಬಿ. ಬಾಗಿಲ ಸಂದಿಯಲ್ಲಿ ತೂರದ ಕಾರಣ ಹೊರಗೇ ಇದೆ.

ವಿಶೇಷ ಸೂಚನೆ: ಸದರಿ ಅರ್ಜಿಯನ್ನು ಬಾಗಿಲ ಕೆಳಗಿನಿಂದ ತಳ್ಳಲಾಗಿದೆ. ಅರ್ಜಿದಾರನು ಕಚೇರಿಗೆ ಅರ್ಧ ದಿನ ರಜೆ ಹಾಕಿ ಮೆಟ್ಟಿಲ ಮೇಲೆ ಕುಳಿತಿದ್ದಾನೆ. ಮೆಟ್ಟಿಲು ತಣ್ಣಗಿದೆ. ದಯವಿಟ್ಟು ಬಾಗಿಲು ತೆರೆಯಬೇಕಾಗಿ ಕೋರಿಕೆ.

ಷರಾ (ಎಡಗೈ ಬರಹ, ಬಾಗಿಲ ಕೆಳಗಿನಿಂದಲೇ ವಾಪಸ್ ಬಂದದ್ದು):

ಓದಿದೆ. ಪೆಟ್ಟಿಗೆಯವಳು ಹೋಗ್ತಾನೂ ಇಲ್ಲ, ಬಂದೂ ಇಲ್ಲ. ಒಬ್ಬಳೇ ಎತ್ತೋಕಾಗದೆ, ಯಾರಾದ್ರೂ ಬಂದು ಒಂದು ಕೈ ಹಿಡೀಲಿ ಅಂತ ನಿಂತಿದ್ದಾಳೆ. ಮಕ್ಕಳಿಗೆ ನಾನೇ ಬಂದು ಹೇಳ್ತೀನಿ, ನೀನು ಹೇಳಿ ಕೆಡಿಸಬೇಡ. ಬಾಗಿಲಿಗೆ ಚಿಲಕ ಹಾಕಿಲ್ಲ. ಭಾನುವಾರವೂ ಹಾಕಿರಲಿಲ್ಲ. ತಳ್ಳು.